ಅವ್ವ ಬಂದ ಮೇಲೆ ಜಿಗಿ

ಮೊನ್ನೆ ಹೂವಿನಹಡಗಲಿ ಬಸ್ ನಿಲ್ದಾಣದಲ್ಲಿ, ಪಕ್ಕದಲ್ಲಿ ಯಾರೋ ಇಟ್ಟಿದ್ದ ಬುಟ್ಟಿಯಿಂದ ನೀರು ಚಿಮುಕಿಸಿದ ಮಲ್ಲಿಗೆ ಮೊಗ್ಗಿನ ವಾಸನೆ ಬಂತು. ವೇಳೆ ತಪ್ಪಿಸುವ ಮನುಷ್ಯನಲ್ಲ ನಾನು. ಆದರೂ ಹತ್ತಬೇಕಾದ ಬಸ್ಸು ಕಣ್ಣೆದುರಿಗೇ ಹೋಯಿತು. ಮನಸ್ಸು ಮಲ್ಲಿಗೆ ತೋಟದ ದೊಡ್ಡವ್ವನ ಹತ್ತಿರ ಹೋಗಿಬಿಟ್ಟಿತ್ತು...

ತೊಂಬತ್ತರ ದಶಕದ ಮಾತು. ನಾನು ಆಗ ಶಾಲೆಯಲ್ಲಿ ಡ್ರಿಲ್ ಮಾಸ್ತರ. ನಮ್ಮ ಮನೆಯ ಹಿಂದೆಯೇ, ಊರೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಆಕೆಯ ತೋಟ, ತೋಟದ ನಡುವೆ ಕಲ್ಲು ಕಟ್ಟಿದ ಬಾವಿ. ಬಣ್ಣದ ಓಕುಳಿ ಮುಗಿಸಿದ ಹುಡುಗರು ಸ್ನಾನಕ್ಕೆ ಅಲ್ಲಿಗೇ ಬರುವುದು ವಾಡಿಕೆ. ಸಾರಾಯಿ ಪ್ಯಾಕೆಟ್ ಹರಿದು ಕುಡಿದು, ಪಂಥ ಕಟ್ಟಿ, ಹಳೆಯ ರಾಟೆಯ ಕಲ್ಲುಗಂಬ ಹತ್ತಿ ಜಿಗಿಯುವುದೂ ವಾಡಿಕೆಯಾಗಿತ್ತು. ಜಿಗಿಯದವನಿಗೆ ಬಳೆ ತೊಡಿಸುತ್ತೇವೆಂದು ಹಂಗಿಸುತ್ತಿದ್ದರು. ಒಂದು ವರ್ಷ ಹೀಗೆ ಜಿಗಿದವನ ತಲೆ ಬಾವಿಯೊಳಗಿನ ಮೆಟ್ಟಿಲಿಗೆ ಬಡಿಯಿತು. ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ...

ಮರುವರ್ಷ ಹುಡುಗರು ಮತ್ತೆ ಬಂದರು. ದೊಡ್ಡವ್ವನ ತಂಗಿಯ ಮಗನೇ ಮೊದಲು ಕಂಬ ಹತ್ತಿ ನಿಂತ. ನಾನು ಸೀಟಿ ಊದಿ ಗದರಿದೆ.

"ಮಾಸ್ತರ್ರ, ಇವತ್ತು ಸಾಲಿ ಸೂಟಿ ಐತ್ರಿ!" ಎಂದು ನಕ್ಕರು.

ದೊಡ್ಡವ್ವ ಗದರಲಿಲ್ಲ. "ಜಿಗಿಯಪ್ಪ, ನಾ ಏನ್ ಬ್ಯಾಡನ್ನಂಗಿಲ್ಲ. ನಿಮ್ಮವ್ವ ಬರ್ಲಿ, ಆಮ್ಯಾಲೆ ಜಿಗಿ" ಎಂದಳು.

"ಬರ್ಲಿ, ಅಕಿನೂ ನೋಡ್ಲಿ" ಎಂದ ಆತ, ಕಂಬದ ಮೇಲಿಂದಲೇ.

ತಾಯಿಯನ್ನು ಕರೆತರಲು ನಾನು ಓಡಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಅಳಲಿಲ್ಲ, ಬೈಯಲಿಲ್ಲ. ಬಾವಿಯ ದಂಡೆಯ ಮೇಲೆ ಕುಳಿತು ಮಗನನ್ನು ನೋಡಿದಳು.

"ಹೋದ ವರ್ಷ ಆ ಹುಡುಗನ ಅವ್ವ ಹೆಣ ನೋಡಾಕ ಬಂದಿದ್ಲು. ನಾ ಮೊದ್ಲ ಬಂದೀನಿ. ಜಿಗಿ, ಮಗನ."

ಶಿಳ್ಳೆಗಳು ನಿಂತವು. ಹುಡುಗ ನೀರನ್ನು ನೋಡಿದ, ಅವ್ವನನ್ನು ನೋಡಿದ... ಕಂಬ ತಬ್ಬಿಕೊಂಡು ಇಳಿದ.

"ಬಳಿ ತರ್ರಲೇ!" ಎಂದ ಗುಂಪಿನಲ್ಲೊಬ್ಬ.

"ನಿಮ್ಮವ್ವನ್ನೂ ಕರಸ್ಲೇನಲೇ? ಮಾಸ್ತರ್ರು ಇನ್ನಾ ದಣಿದಿಲ್ಲ!" ಎಂದಳು ದೊಡ್ಡವ್ವ.

ಎಲ್ಲರೂ ಗೊಳ್ಳೆಂದು ನಕ್ಕರು. ಆಕೆ ಹೋಗಿ ಮೋಟರು ಚಾಲೂ ಮಾಡಿದಳು. ಹುಡುಗರು ಪೈಪಿನ ಬಾಯಿಗೆ ಮುಗಿಬಿದ್ದರು. ಕೆಂಪು ನೀರು, ಹಸಿರು ನೀರು ಮಲ್ಲಿಗೆಯ ಪಾತಿಗಳಿಗೆ ಹರಿಯಿತು. ಯಾರೋ ನನ್ನನ್ನೂ ಎಳೆದು ನೀರಿನಡಿ ನಿಲ್ಲಿಸಿದರು.

ಆ ಕಟ್ಟಳೆ ಉಳಿಯಿತು. ಕಂಬ ಹತ್ತುವವನು ಅವ್ವನನ್ನು ಕರೆತರಬೇಕು. ಒಬ್ಬನೂ ಕರೆತರಲಿಲ್ಲ! ಸುತ್ತಲಿನ ತೋಟದವರೂ ಅದನ್ನೇ ಹಿಡಿದರು. ಆ ಬಾವಿಯಿಂದ ಮತ್ತೆ ಹೆಣ ಎತ್ತಲಿಲ್ಲ.

ಈಗ ಬೋರ್‌ವೆಲ್ ಬಂದು ಬಾವಿ ಬತ್ತಿದೆ. ಹುಡುಗರ ಪಂಥ ಬೈಕಿನ ಮೇಲೆ ನಡೆಯುತ್ತದೆ. ಅವರ ದಾರಿಗೆ ಅಡ್ಡ ನಿಂತು ಅವ್ವನನ್ನು ಕರೆಸುವ ದೊಡ್ಡವ್ವ ಇಲ್ಲ. ಆ ಜಾಗ ಖಾಲಿಯೇ ಇದೆ... ಆದರೆ ಆಕೆ ತೀರಿಕೊಂಡ ದಿನ ಆಕೆಯನ್ನು ಹೆಗಲ ಮೇಲೆ ಹೊತ್ತು ನಡೆದವರು ಅಂದಿನ ಆ ಓಕುಳಿ ಹುಡುಗರೇ. ಒಬ್ಬೊಬ್ಬರ ತಲೆಯೂ ನರೆತಿತ್ತು.