ನಿದ್ದೆ ಕಥೆ ಹೇಳುವವಳ ಗಂಡ

ಊರಿನ ಮಕ್ಕಳಿಗೆಲ್ಲ ಅವಳು ಕಥೆಯಮ್ಮ. ದಿನಾ ರಾತ್ರಿ ಊಟದ ಹೊತ್ತು ಮುಗಿಯುತ್ತಲೇ ರೇಡಿಯೋದಲ್ಲಿ ಅವಳ ದನಿ ಬರುತ್ತಿತ್ತು, ಮಕ್ಕಳನ್ನು ಮಲಗಿಸುವ ಕಥೆ ಹೇಳುತ್ತಿತ್ತು. ಅದನ್ನು ಕೇಳಿ ಎಷ್ಟು ಮಕ್ಕಳು ಮಲಗಿದವೋ ದೇವರೇ ಬಲ್ಲ. ಅವಳ ಮನೆಯಲ್ಲಂತೂ ಯಾರ ಕಣ್ಣಿಗೂ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದಾದರೂ ಎಷ್ಟು ಜನ? ಅವಳು, ಅವಳ ಗಂಡ, ಅಷ್ಟೇ.

ಗಂಡ ಬಸ್ ಡ್ರೈವರ್. ನಸುಕಿನ ಮೊದಲ ಬಸ್ಸು ಅವನದು. ಊರೆಲ್ಲ ಹೊದ್ದು ಮಲಗಿರುವಾಗಲೇ ಎದ್ದು ಡಿಪೋಗೆ ಹೊರಡಬೇಕು. ಅಂಥವನು ಬೇಗ ಮಲಗಬೇಡವೇ? ಆದರೆ ಮನೆಯೆಂದರೆ ಮೂರನೆಯ ಮಹಡಿಯ ಒಂದೇ ಒಂದು ಕೋಣೆ. ಕಥೆಯಮ್ಮ ರೇಡಿಯೋ ಕೆಲಸ ಮುಗಿಸಿ ಬಂದು, ಮರುದಿನದ ಕಥೆಗೆಂದು ಲ್ಯಾಪ್‌ಟಾಪ್ ತೆರೆದು ಕೂತರೆ ಅದರ ಬಿಳಿಚು ಬೆಳಕು ಗೋಡೆಗೆ, ಗೋಡೆಯಿಂದ ಚಾವಣಿಗೆ, ಅಲ್ಲಿಂದ ನೇರ ಗಂಡನ ಮುಖಕ್ಕೆ. ಅವನು ಮುಖದ ಮೇಲೆ ಟವೆಲ್ ಎಳೆದುಕೊಂಡು ಆ ಕಡೆ ತಿರುಗುತ್ತಿದ್ದ. "ತೊಂದರೆ ಆಗ್ತಿದೆಯೇನ್ರೀ?" ಎಂದು ಕೇಳಿದರೆ "ನಂಗೇನಾಗತ್ತೆ, ನೀನು ಬರಿ" ಎನ್ನುತ್ತಿದ್ದ. ಗಂಡಸರ ಈ 'ನಂಗೇನಾಗತ್ತೆ' ಇದೆಯಲ್ಲ, ಅದರಂಥ ಹಸಿ ಸುಳ್ಳು ಇನ್ನೊಂದಿಲ್ಲ. ಆದರೂ ಕಥೆಯಮ್ಮ ನಂಬಿಬಿಟ್ಟಿದ್ದಳು.

ಒಂದು ಮಧ್ಯಾಹ್ನ ಅವನ ಬಸ್ಸಿನ ಕಂಡಕ್ಟರ್ ಮನೆಗೆ ಬಂದ. ಗಂಡ ಸ್ನಾನಕ್ಕೆ ಹೋಗಿದ್ದ. ಕಂಡಕ್ಟರ್ ಬಾಗಿಲಲ್ಲೇ ನಿಂತು ದನಿ ತಗ್ಗಿಸಿದ.

"ಅತ್ತಿಗೆ, ಹೇಳಬಾರದು ಅಂದ್ಕೊಂಡಿದ್ದೆ. ಅಣ್ಣ ಸ್ಟೇರಿಂಗ್ ಹಿಡ್ಕೊಂಡೇ ತೂಕಡಿಸ್ತಾರೆ. ಸ್ಟಾಪ್ ಇಲ್ಲದ ಕಡೆಯೆಲ್ಲ ಸೀಟಿ ಊದಿ ಎಬ್ಬಿಸ್ತಾ ಇದೀನಿ. ಈ ಕಂಡಕ್ಟರ್‌ಗೆ ತಲೆ ಕೆಟ್ಟಿದೆ ಅಂತಾರೆ ಜನ, ಅಂದ್ಕೊಳ್ಳಲಿ. ಆದ್ರೆ ಇವತ್ತು ಸೇತುವೆ ಮೇಲೆ ಊದೋದು ಒಂಚೂರು ತಡ ಆಯ್ತು."

"ತಡ ಆಗಿ?"

"ಬಸ್ಸಿನ ಕನ್ನಡಿ ಸೇತುವೆ ಕಂಬಿಗೆ ತಾಗಿ ಒಡೀತು. ಅಷ್ಟಕ್ಕೇ ಮುಗೀತು. ಬಸ್ ತುಂಬ ಜನ ಇದ್ರು, ಅತ್ತಿಗೆ."

ಕಥೆಯಮ್ಮ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನತ್ತ ತಿರುಗಿ ನೋಡಿದಳು. ತನ್ನ ಒಂದು ಬೆಳಕಿನ ಚೌಕಕ್ಕೆ ಬಸ್ಸಿನಷ್ಟು ಜನರ ಜೀವ ಜೋತುಬಿದ್ದಿತ್ತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಕನಸು ಬೀಳುವುದಕ್ಕೂ ನಿದ್ದೆ ಬರಬೇಕಲ್ಲ, ಅದು ಬೇರೆ ಮಾತು.

ಅಂದೇ ಲ್ಯಾಪ್‌ಟಾಪು ಅಟ್ಟ ಸೇರಿತು. ಎದುರಂಗಡಿಯ ದೀಪದ ಬೋರ್ಡು ಒಳಗೆ ಇಣುಕದಂತೆ ಕಿಟಕಿಗೆ ದಪ್ಪ ಪರದೆ ಬಂತು. ಹಗಲಲ್ಲಿ ಮಾತ್ರ ಪರದೆ ಸರಿಸಿ, ಹಾಳೆ ಪೆನ್ನು ಹಿಡಿದು ಕಿಟಕಿ ಪಕ್ಕ ಕೂರುವುದು. ಕಿಟಕಿಯ ಬೆಳಕು ಇರುವಷ್ಟು ಹೊತ್ತು ಬರವಣಿಗೆ, ಬೆಳಕು ಹೋಯಿತೆಂದರೆ ಪೆನ್ನಿಗೆ ಮುಚ್ಚಳ. ಮೊದಮೊದಲು ಕೈ ಮುಷ್ಕರ ಹೂಡಿತು. ಆಮೇಲಾಮೇಲೆ ಅಕ್ಷರಗಳು ತಾವಾಗಿ ಇಳಿಯತೊಡಗಿದವು. ಮಧ್ಯಾಹ್ನ ಬೆಳ್ಳಗಿದ್ದ ಹಾಳೆ ಸಂಜೆಗೆ ಜೇನುಬಣ್ಣಕ್ಕೆ ತಿರುಗಿ, ಆಮೇಲೆ ಬೂದುಬಣ್ಣವಾಗಿ ಮೆಲ್ಲಗೆ ಮಾಸುತ್ತಿತ್ತು. ಮಬ್ಬು ಕವಿದಂತೆ ಅವಳ ಅಕ್ಷರಗಳು ದಪ್ಪವಾಗುತ್ತಿದ್ದವು, ಸಾಲಿನ ಮೇಲೆ ಸಾಲು ಹತ್ತಿ ಕೂರುತ್ತಿತ್ತು. ಅವಳಿಗೆ ಮತ್ತೆ ಆಕಳಿಕೆ ಬರತೊಡಗಿತು. ತಲೆದಿಂಬಿಗೆ ತಲೆ ತಾಗಿದರೆ ಸಾಕು, ಗೊರಕೆ.

ಆದರೆ ಗಂಡನ ಕಣ್ಣು ಮಾತ್ರ ಕೆಂಪಗೇ ಇತ್ತು. ಮಾರ್ಕೆಟ್ಟಿನಲ್ಲಿ ಸಿಕ್ಕ ಕಂಡಕ್ಟರ್ "ಇನ್ನೂ ಹಾಗೇ ಇದೆ ಅತ್ತಿಗೆ" ಎಂದು ತಲೆಯಾಡಿಸಿದ. ಕೋಣೆ ಕಗ್ಗತ್ತಲು, ಸದ್ದಿಲ್ಲ ಗದ್ದಲವಿಲ್ಲ. ಇನ್ನೇನು ಬೇಕು ಈ ಮನುಷ್ಯನಿಗೆ? ಅವಳಿಗೆ ದಿಕ್ಕೇ ತೋಚಲಿಲ್ಲ.

ಗುಟ್ಟು ಊಟದ ಹೊತ್ತಿನಲ್ಲಿ ಹೊರಬಿತ್ತು. "ನಿನ್ನೆ ಕಥೆ ಭಾರಿ ಇತ್ತು ಕಣೇ," ಎಂದ ಗಂಡ. "ಗಡಿಯಾರ ರಿಪೇರಿಯವನೇ ಕಳ್ಳ ಅಂತ ಕೊನೇಲಿ ಬಂತಲ್ಲ, ಅದನ್ನೇ ನೆನಸ್ಕೊಂಡು ಎಷ್ಟೋ ಹೊತ್ತು ಎದ್ದೇ ಇದ್ದೆ."

"ಪೂರ್ತಿ ಕೇಳಿದ್ರಾ?"

"ಮತ್ತೆ? ಕಟ್ಕೊಂಡ ಹೆಂಡ್ತಿ ಕಥೆ ಹೇಳ್ತಿರುವಾಗ ನಡುವೆ ನಿದ್ದೆ ಮಾಡ್ಲಾ? ಒಂದು ದಿನಾನೂ ತಪ್ಪಿಸಿಲ್ಲ ನಾನು."

ಕಥೆಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಮ್ಮೆಯೂ ಆಯಿತು, ಯಾಕೆ ಸುಳ್ಳು ಹೇಳಬೇಕು. ವರ್ಷಗಟ್ಟಲೆ ಕಣ್ಣು ಕುಕ್ಕುವ ಬೆಳಕಿನಲ್ಲಿ ಬರೆದು ಬರೆದು ಅವಳ ಕಥೆಗಳಿಗೂ ಎಚ್ಚರದ ರೋಗ ಅಂಟಿಕೊಂಡಿತ್ತು. ಪುಟಕ್ಕೊಂದು ತಿರುವು, ಕೊನೆಗೊಂದು ಪೆಟ್ಟು. ಬೆಳಕು ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. "ನೀವು ರೇಡಿಯೋ ಹಾಕ್ಬೇಡಿ" ಎಂದರೆ ಅವನು ಕೇಳುವ ಪೈಕಿಯಲ್ಲ. ತಿರುವೇ ಇಲ್ಲದ ಕಥೆ ಬರೆಯೋಣವೆಂದರೆ ಅವಳ ಜಂಬ ಒಪ್ಪದು.

ಒಂದು ಸಂಜೆ ಮೋಡ ಮುಸುಕಿ ಹೊತ್ತಿಗೆ ಮುಂಚೆಯೇ ಕತ್ತಲಾಯಿತು. ಅವಳು ಬರೆಯುತ್ತಿದ್ದದ್ದು ಒಂಟಿ ಅಂಬಿಗನೊಬ್ಬನ ಕಥೆ. ಅವನು ಹುಟ್ಟು ಕೆಳಗಿಟ್ಟಿದ್ದಾನೆ, ದೋಣಿ ತನ್ನಷ್ಟಕ್ಕೆ ತೇಲುತ್ತಿದೆ, ಮುಂದಿನ ತಿರುವಿನಲ್ಲಿ ಸುಳಿ ಕಾದಿದೆ. ಸುಳಿ ಬರುವ ಮೊದಲೇ ಹಾಳೆ ಕಪ್ಪಾಯಿತು. ಅವಳ ಬೆರಳು ದೀಪದ ಸ್ವಿಚ್ಚಿಗೆ ಹೋಯಿತು. ಇನ್ನೊಂದೇ ಪುಟ, ಎಂಥ ಪುಟ ಗೊತ್ತೇ, ಊರಿಗೆ ಊರೇ ಎದ್ದು ಕೂರುವಂಥದ್ದು. ಕಂಬಿಗೆ ತಾಗಿದ ಕನ್ನಡಿ ನೆನಪಾಯಿತು. ಬೆರಳು ಹಿಂದೆ ತೆಗೆದು, ಅರ್ಧ ಕಥೆಯನ್ನೇ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮೈಕಿನ ಮುಂದೆ ಕೂತಾಗ ಇನ್ನೊಂದು ಫಜೀತಿ. ಮಬ್ಬಿನಲ್ಲಿ ಬರೆದ ಸಾಲುಗಳು ಒಂದರ ಮೇಲೊಂದು ಬಿದ್ದು ಅವಳ ಬರಹ ಅವಳಿಗೇ ಅರ್ಥವಾಗದು. ಒಂದೊಂದೇ ಪದ ಬಿಡಿಸಿ ಓದಿದಳು. ದೋಣಿ. ತೇಲಿತು. ನೀರು. ತಣ್ಣಗಿತ್ತು. ನಡುನಡುವೆ ಪದ ಸಿಗದೆ ಸುಮ್ಮನಾದಳು, ಆ ಮೌನದಲ್ಲಿ ದೋಣಿ ಇನ್ನಷ್ಟು ದೂರ ಹೋದಂತಿತ್ತು. ದಡದ ಮರಗಳು ಮಸುಕಾದವು. ನೀರು ಯಾವುದು, ಆಕಾಶ ಯಾವುದು ಎಂಬುದೂ ತಿಳಿಯದಾಯಿತು. ಹಾಳೆ ಮುಗಿದ ಮೇಲೂ ಕಾರ್ಯಕ್ರಮದ ಹೊತ್ತು ಉಳಿದಿತ್ತು. "ದೋಣಿ ಹೋಗ್ತಾನೇ ಇತ್ತು" ಎಂದಳು. ಸ್ವಲ್ಪ ಬಿಟ್ಟು ಮತ್ತೆ "ಹೋಗ್ತಾನೇ ಇತ್ತು" ಎಂದಳು. ಸ್ಟುಡಿಯೋದ ಗಾಜಿನಾಚೆ ಕೂತಿದ್ದ ಧ್ವನಿಯಂತ್ರದವನು ಗಲ್ಲಕ್ಕೆ ಕೈ ಕೊಟ್ಟು ಕಣ್ಣು ಮುಚ್ಚಿದ್ದ. ನನ್ನ ಮಾನ ಹೋಯಿತು ಅಂದುಕೊಂಡಳು ಕಥೆಯಮ್ಮ.

ಮನೆಗೆ ಬಂದಾಗ ಗಂಡ ಮಲಗಿದ್ದ. ಕಥೆ ಮುಗಿದ ಮೇಲೆ ಮಲಗಿದನೋ, ನಡುವೆಯೋ? ಎಬ್ಬಿಸಿ ಕೇಳುವಂತಿಲ್ಲ. ಮರುದಿನ ಅವನು ಡ್ಯೂಟಿ ಮುಗಿಸಿ ಬರುವವರೆಗೂ ಅವಳ ಮನಸ್ಸು ನಿಂತಲ್ಲಿ ನಿಲ್ಲಲಿಲ್ಲ. ಅವನು ಬಂದು, ಕೈತೊಳೆದು, ತಟ್ಟೆಯ ಮುಂದೆ ಕೂತ.

"ನಿನ್ನೆ ಕಥೆ ಹೇಗಿತ್ರೀ?"

"ಚೆನ್ನಾಗಿತ್ತು ಕಣೇ. ಅದರಲ್ಲೂ ಆ ಕೊನೆ ಇದೆಯಲ್ಲ..." ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕೊನೇಲಿ ಏನಾಯ್ತು?"

"ಅದೇ, ದೋಣಿ ದಡ ಸೇರ್ತಲ್ಲ. ಕೂತಿದ್ದವರೆಲ್ಲ ಇಳಿದು ಮನೆಗೆ ಹೋದ್ರಲ್ಲ."

ದೋಣಿ ದಡ ಸೇರಿರಲಿಲ್ಲ. ಅಂಬಿಗನನ್ನು ಬಿಟ್ಟರೆ ಅದರಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಥೆಯಮ್ಮ ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು. ಇಷ್ಟು ವರ್ಷಗಳಲ್ಲಿ ಯಾವ ಹೊಗಳಿಕೆಯಿಂದಲೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ.

"ಹೌದು ರೀ," ಎಂದಳು. "ಎಲ್ಲರೂ ಇಳಿದು ಮನೆ ಸೇರಿದ್ರು."