ಗೋಲ್‌ಕೀಪರನ ಎಡಗೈ

ನಾನು ಫುಟ್‌ಬಾಲ್ ಆಡಿದವಳಲ್ಲ. ಮೈದಾನಕ್ಕೆ ಹೋಗಿ ನೋಡಿದ್ದೂ ಕಡಿಮೆ. ಆಟ ನನ್ನ ಬಳಿ ಬರುವುದು ಫೋನಿನ ವಿಡಿಯೋ ಆಗಿ. ಗೆರೆಯ ಹೊರಗೆ ನಿಂತ ಯಾರೋ ಕೈ ಅಲುಗಿಸುತ್ತ ತೆಗೆದದ್ದನ್ನು ಅಣ್ಣ ಕಳಿಸುತ್ತಾನೆ. ನಾನು ಅದನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿ, ನಿಮಿಷದೊಳಗೆ ಮುಗಿಯುವ ಕಾರ್ಟೂನ್ ಮಾಡುತ್ತೇನೆ. ಅಣ್ಣ ರಾಮದುರ್ಗದ ತಂಡದ ಕ್ಯಾಪ್ಟನ್. ಎದುರಾಳಿಗಳು ಹೆಚ್ಚಾಗಿ ಬೈಲಹೊಂಗಲದವರು. ಎರಡೂ ಊರಿನವರಿರುವ ವಾಟ್ಸಾಪ್ ಗುಂಪಿನಲ್ಲಿ ಗೆದ್ದವರೂ ಸೋತವರೂ ಕೂಡಿ ಅದನ್ನು ನೋಡುತ್ತಾರೆ. ಮಾಡುವವಳು ನಾನೆಂದು ಮನೆಯವರಿಗಷ್ಟೇ ಗೊತ್ತು. "ನಮ್ಮ ಕಡೆ ಒಬ್ಬರು ಮಾಡ್ತಾರ" ಎಂದು ಅಣ್ಣ ಹೇಳುತ್ತಾನೆ. ನನಗೆ ಅಷ್ಟು ಸಾಕು.

ಬೈಲಹೊಂಗಲದವರನ್ನು ಎತ್ತುಗಳಾಗಿ, ನಮ್ಮವರನ್ನು ಬಡಕಲು ಕೊಕ್ಕರೆಗಳಾಗಿ ಬಿಡಿಸುತ್ತೇನೆ. ಮೈಯನ್ನು ಎಷ್ಟಾದರೂ ಹಿಗ್ಗಿಸುತ್ತೇನೆ, ನಡೆದದ್ದನ್ನು ಮಾತ್ರ ಬದಲಿಸುವುದಿಲ್ಲ. ರೆಫ್ರಿ ಕೆಸರಿನಲ್ಲಿ ಜಾರಿದಾಗ ಅವನು ಈಜಿಕೊಂಡು ಆಚೆ ದಡ ಸೇರಿದಂತೆ ತೋರಿಸಿದ್ದೆ. ಆದರೆ ಅವನು ಜಾರಿದ್ದು ಅಲ್ಲೇ, ಆಗಲೇ.

ಕಿತ್ತೂರಿನಲ್ಲಿ ಬೈಲಹೊಂಗಲದವರ ಜೊತೆ ನಡೆದ ಪಂದ್ಯವನ್ನು ನಮ್ಮವರು ಒಂದೇ ಗೋಲಿನಿಂದ ಸೋತರು. ಗೋಲ್‌ಕೀಪರ್ ನಮ್ಮ ವೈನಿಯ ತಮ್ಮ, ಅಂದರೆ ಅಣ್ಣನ ಹೆಂಡತಿಯ ತಮ್ಮ. ಕಟಕೋಳದಲ್ಲಿ ತಂದೆಯ ಜೊತೆ ಹೊಲ ನೋಡಿಕೊಳ್ಳುತ್ತಾನೆ. ತಲೆಯ ಮೇಲೆ ಬಂದ ಚೆಂಡಿಗೆ ಅವನು ಒಂದೇ ಕೈ ಎತ್ತಿದ್ದ. ಅಂದು ಸಂಜೆಯೇ ಗುಂಪಿನಲ್ಲಿ ಶುರುವಾಯಿತು.

"ರಾಮದುರ್ಗದ ಕೀಪರ್‌ಗ ಒಂದ ಕೈ ಐತೇನ್ರಿ?"

"ಇನ್ನೊಂದು ಕಟಕೋಳದಾಗ ಎಮ್ಮಿ ಹಿಂಡಾಕ ಹತ್ತಿತ್ತು."

"ಕಾರ್ಟೂನ್ ಮಾಡಾವ್ರ, ಈ ಸಲ ಅವನ ಅಂಗೈಗೆ ತೂತು ಹಾಕ್ರಿ. ಚೆಂಡು ಆರಾಮ ಪಾರಾಗ್ಲಿ."

ಊಟಕ್ಕೆ ಕುಳಿತ ಅಣ್ಣ ನಗಲಿಲ್ಲ. "ಸವದತ್ತಿ ಮ್ಯಾಚಿಗೆ ಅವನ್ನ ನಿಲ್ಲಸಂಗಿಲ್ಲ. ಬ್ಯಾರೆಯವನ್ನ ನೋಡೇನಿ."

"ನನ್ನ ತಮ್ಮ ಅಂತ ಹೇಳಾಕತ್ತಿಲ್ರಿ," ಎಂದರು ವೈನಿ. "ಅಂವ ಚೆಂಡಿಗೆ ಅಂಜೂವಂವ ಅಲ್ಲ."

"ಅಂಜಲಿಲ್ಲಂದ್ರ ಒಂದ ಕೈ ಯಾಕ ಎತ್ತಿದಾ? ಮಲ್ಲಿಗಿ ಹರಿಯಾಕ ಹೋಗಿದ್ನೇನ?"

ವೈನಿ ಅವನ ತಾಟಿಗೆ ರೊಟ್ಟಿ ಹಾಕಿ ಒಳಗೆ ಹೋದರು.

ವಿಡಿಯೋ ನಿಲ್ಲಿಸಿ ನೋಡಿದಾಗ ನನಗೆ ಕಂಡದ್ದು ಬೇರೆ. ಎಡಗೈಯೂ ಬಲಗೈಯ ಜೊತೆಗೇ ಮೇಲೆ ಹೊರಟಿತ್ತು. ಅರ್ಧದಲ್ಲಿ ಹಿಂದಿರುಗಿ ಎದೆಗೆ ಬಂದಿತ್ತು. ಅಂಜಿದವನು ಮುಖ ಮುಚ್ಚಿಕೊಳ್ಳುತ್ತಾನೆ, ಇವನ ಮುಖ ಚೆಂಡಿನ ಕಡೆಗೇ ಇತ್ತು. ಕಾರಣ ತಿಳಿಯದೆ ಆ ಕೈಯನ್ನು ಬಿಡಿಸುವುದು ನನ್ನಿಂದಾಗಲಿಲ್ಲ. ಆ ವಾರವೇ ಅವನು ಅಕ್ಕನಿಗೆ ಜೋಳ ಕೊಡಲು ಬಂದ. ನಾನು ಅವನನ್ನು ಕರೆದು ತೆರೆಯ ಮೇಲೆ ತೋರಿಸಿದೆ.

"ಈ ಕೈ ಯಾಕ ಹಿಂದ ಬಂತು?"

ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಶಿವದಾರ ಕಾಲರಿನಿಂದ ಹೊರಗ ಬಂದಿತ್ರಿ ಅಕ್ಕಾರ. ಜಿಗಿದ ಹೊಡತಕ್ಕ ಕರಡಿಗಿ ಕೊರಳಿಂದ ಜಾರೂದರಾಗ ಇತ್ತು. ಹಿಡಕೊಂಡೆ."

ಅವನ ಕೊರಳಲ್ಲಿರುವುದು ಶಿವದಾರಕ್ಕೆ ಕಟ್ಟಿದ, ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ. ನಮ್ಮ ಮನೆಗಳಲ್ಲಿ ಅದು ಮೈಯಿಂದ ಬೇರೆಯಾಗಬಾರದು, ನೆಲಕ್ಕಂತೂ ಬೀಳಲೇಬಾರದು. ಅಲ್ಲಿ ನೆಲದ ಮೇಲೆ ಅಷ್ಟೊಂದು ಬೂಟುಗಾಲುಗಳಿದ್ದವು.

"ಅಣ್ಣಗ ಹೇಳಬೇಕಿಲ್ಲೇನು?"

"ಹ್ಯಾಂಗ ಹೇಳಲಿ? ಮಾಮಾ 'ತಗದಿಟ್ಟು ಆಡು' ಅಂದ್ರ ಇಲ್ಲ ಅನ್ನಾಕೂ ಬರೂದಿಲ್ಲ, ತಗ್ಯಾಕೂ ಬರೂದಿಲ್ಲ. ಅವ್ವನ ಕಿವಿಗೆ ಬಿತ್ತಂದ್ರ ಆಟಾನ ಬಿಡು ಅಂತಾಳ. ನೀವು ಅಂಗೈಗೆ ತೂತ ಹಾಕ್ರಿ. ನಕ್ಕು ಮರೀತಾರ."

"ತೂತು ಹಾಕಿದ್ರ ಸವದತ್ತಿಗೆ ಬ್ಯಾರೆಯವ ನಿಲ್ತಾನ."

"ಅದೂ ಖರೇನ." ಅವನು ತೆರೆಯನ್ನೇ ನೋಡುತ್ತ ನಿಂತ.

"ಇಲ್ಲದ ತೂತು ನಾ ಹಾಕೂದಿಲ್ಲ," ಎಂದೆ. "ಕೈ ಎದಿ ಮ್ಯಾಲ ಇತ್ತು. ಅಷ್ಟ ಹಾಕ್ತೇನಿ. ಏನು ಹಿಡಿದಿತ್ತು ಅನ್ನೂದು ತೋರಸೂದಿಲ್ಲ. ನಡೀತದೇನು?"

"ಅಂಗಿ ಒಳಗ ಏನೂ ಹಾಕಬ್ಯಾಡ್ರಿ ಮತ್ತ."

"ಇಲ್ಲ."

"ಹಂಗಾರ ಹಾಕ್ರಿ." ಹೊರಡುವಾಗ ತಿರುಗಿ ನಿಂತ. "ಆ ಬೈಲಹೊಂಗಲದ ಎತ್ತಿನ್ನ ಚೆಂದಗ ಮಾಡ್ರಿ ಅಕ್ಕಾರ. ಗೋಲ್ ಮಾತ್ರ ಚೊಲೊ ಹೊಡದಾನ."

ಕಾರ್ಟೂನಿನಲ್ಲಿ ಕೊಕ್ಕರೆಯ ಎರಡೂ ಕೈಗಳಿಗೆ ಬಾಯಿ ಕೊಟ್ಟೆ. ಎಡಗೈ ಅರ್ಧ ದಾರಿಯಲ್ಲಿ ತಿರುಗುತ್ತದೆ. "ಎಲ್ಲಿ ಹೊಂಟಿ?" ಎಂದು ಬಲಗೈ ಚೀರುತ್ತದೆ. "ನಂಗ ಬ್ಯಾರೆ ಕೆಲಸ ಐತಿ, ನೀ ನೋಡ್ಕೋ." ಒಂಟಿಯಾದ ಬಲಗೈ ಶಾವಿಗೆಯಂತೆ ಎಳೆಯೆಳೆಯಾಗಿ ಉದ್ದವಾಗುತ್ತದೆ, ಚೆಂಡು ಅದರ ಬೆರಳಿಗೆ ಕಚಗುಳಿಯಿಟ್ಟು ಬಲೆಯೊಳಗೆ ಹೋಗುತ್ತದೆ. ಎತ್ತು ಕೊಂಬಿಗೆ ಹೂವು ಸುತ್ತಿಕೊಂಡು ಕುಣಿಯುತ್ತದೆ. ಎಡಗೈ ಅಷ್ಟು ಹೊತ್ತೂ ಎದೆಯ ಮೇಲೆಯೇ ಇರುತ್ತದೆ, ಕದಲುವುದಿಲ್ಲ. ಬಿಡಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಆ ಕದಲದ ಕೈ.

ಗುಂಪು ನಕ್ಕಿತು. "ಎಡಗೈದು ಪಗಾರ ಕಟ್ ಮಾಡ್ರಿ" ಎಂದು ಬೈಲಹೊಂಗಲದವರು ಬರೆದರು. ಅಣ್ಣ ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದ. ಮೊದಲು ಜೋರಾಗಿ ನಕ್ಕ. ಮತ್ತೆ ಹಚ್ಚಿ ನೋಡಿದ. ಆಮೇಲೆ ನಗು ನಿಂತಿತು. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಅವನ ಕೈ ತನ್ನದೇ ಅಂಗಿಯ ಮೇಲಿನ ಗುಂಡಿಯ ಹತ್ತಿರ ಹೋಗಿತ್ತು. ಅವನ ಕೊರಳಲ್ಲೂ ಕರಡಿಗೆ ಇದೆ. ಆದರೆ ಅವನು ಮೈದಾನದ ನಡುವೆ ಓಡುವವನು, ಹಾಗೆ ಜಿಗಿಯುವ ಪ್ರಸಂಗ ಬರುವುದಿಲ್ಲ.

"ಇದು ನೀ ಕಟ್ಟಿದ್ದೋ, ಖರೇನೋ?"

"ವಿಡಿಯೋದಾಗ ಇದ್ದದ್ದ ಹಾಕೇನಿ."

ಅವನು ಕಟಕೋಳಕ್ಕೆ ಫೋನ್ ಹಚ್ಚಿದ. "ಏನಪಾ, ಸವದತ್ತಿಗೆ ನೀನ ನಿಲ್ಲಬೇಕು. ಹಿಂದಿನ ದಿನಾನ ಮನಿಗೆ ಬಾ. ನಿಮ್ಮಕ್ಕ ಎದಿಗೆ ಬಿಗದು ಕಟ್ಟಾಕ ಒಂದು ಅರಿವಿ ಪಟ್ಟಿ ಹೊಲದ ಕೊಡ್ತಾಳ... ಯಾಕಂತ ನನ್ನ ಕೇಳ್ತಿಯೇನ? ಕಟಗೊಂಡು ಆಡು. ನಿಮ್ಮವ್ವಗ ನಾ ಏನೂ ಹೇಳೂದಿಲ್ಲ."

ವೈನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಯಾವ ಪಟ್ಟೀರಿ? ನನಗ್ಯಾರು ಹೇಳ್ಯಾರ?"

"ಈಗ ಹೇಳಾಕತ್ತೇನಲಾ. ಮೆತ್ತಂದು ಅರಿವಿ ನೋಡು, ಬೆವತ್ರ ಕಡೀಬಾರ್ದು."

ವೈನಿ ನನ್ನ ಮುಖ ನೋಡಿದರು. ನಾನು ಅಂಗಿಯ ತೋಳು ಮಡಿಸಿದೆ. ಅವರು ಕೈ ತೊಳೆದು ಟ್ರಂಕಿನ ಕಡೆ ಹೊರಟಾಗ ಅಣ್ಣ ಮತ್ತೆ ಕರೆದ.

"ಏ, ಎರಡು ಹೊಲಿ. ನನಗೂ ಒಂದಿರಲಿ."