ಕೆಂಪು ಗೀಟು

ನನ್ನ ಗಂಡ ಕೇಶವಮೂರ್ತಿ ದೆಹಲಿಯಲ್ಲಿ ಚೀನೀ ಭಾಷೆ ಓದಿ, ಇಪ್ಪತ್ತೆರಡು ವರ್ಷ ಚೀನಾದ ಯಂತ್ರಗಳ ಕೈಪಿಡಿಗಳನ್ನು ಹಿಂದಿಗೆ ತಂದವರು. ಮನೆಯ ಕುಕ್ಕರಿಗೆ ಗ್ಯಾಸ್ಕೆಟ್ ಹಾಕಲು ಬಾರದು, ಬಟ್ಟೆಗೆ ಬಣ್ಣ ಹಾಕುವ ಯಂತ್ರದ ಬಗ್ಗೆ ಮಾತ್ರ ಗಂಟೆಗಟ್ಟಲೆ ಕೊರೆಯುತ್ತಾರೆ.

ಎರಡು ವರ್ಷದ ಹಿಂದೆ ಗುರುಗ್ರಾಮದ ಅವರ ಆಫೀಸಿಗೆ ತುಮಕೂರಿನ ಹುಡುಗಿ ಹರ್ಷಿಣಿ ಸೇರಿದಳು. ಚೀನಾದವರು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿದ್ದ ಎಐ ಮಾಡೆಲ್ ಒಂದನ್ನು ಇಳಿಸಿಕೊಂಡು, ಇವರ ಹಳೆಯ ಅನುವಾದಗಳನ್ನೆಲ್ಲ ಅದಕ್ಕೆ ಕಲಿಸಿ, ಬಣ್ಣದ ಕಾರ್ಖಾನೆಗಳಿಗೆಂದೇ ತಯಾರು ಮಾಡಿದಳು. ಇವರು ವಾರಗಟ್ಟಲೆ ಕೂತು ಮಾಡುತ್ತಿದ್ದ ಕೈಪಿಡಿಯನ್ನು ಅದು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ಇವರಿಗೆ ಉಳಿದದ್ದು ಓದಿ, ತಿದ್ದಿ, ಸಹಿ ಹಾಕುವ ಕೆಲಸ.

ತಿದ್ದಲು ಏನೂ ಸಿಗುತ್ತಿರಲಿಲ್ಲ. “ಕೆಂಪು ಗೀಟಿಲ್ಲದ ಫೈಲ್ ಕಳಿಸಬೇಡಿ. ಇವರ್ಯಾಕೆ ಬೇಕು ಅಂತಾರೆ,” ಎಂದು ಬುದ್ಧಿ ಹೇಳಿದ ಮಹಾತಾಯಿ ನಾನೇ. ಅಂದಿನಿಂದ ಪುಟಕ್ಕೆ ಎರಡಾದರೂ ಗೀಟು ಬೀಳತೊಡಗಿದವು. ನಾನು ಎಣಿಸಿ ನಗುತ್ತಿದ್ದೆ.

ಹೋದ ತಿಂಗಳು ಮಾನೇಸರದ ಕಾರ್ಖಾನೆಯೊಂದರಲ್ಲಿ ಬಣ್ಣದ ಯಂತ್ರದ ಮುಚ್ಚಳ ತೆರೆದ ಕೆಲಸಗಾರನ ಎರಡೂ ಕೈ ಬೆಂದುಹೋದವು. ಇವರ ಆಫೀಸು ಕಳಿಸಿದ್ದ ಕೈಪಿಡಿಯಿಂದ ತೆಗೆದು ಗೋಡೆಗೆ ಅಂಟಿಸಿದ್ದ ಪುಟದಲ್ಲಿ ‘ಒತ್ತಡ ಸೊನ್ನೆಗೆ ಇಳಿದ ಮೇಲೂ ಹತ್ತು ನಿಮಿಷ ಕಾಯಿರಿ’ ಎಂಬ ಸಾಲೇ ಇರಲಿಲ್ಲ. ಮಾಡೆಲ್ ಅದನ್ನು ನುಂಗಿದೆ ಎಂದು ತೀರ್ಮಾನಿಸಿದ ಆಫೀಸು ಹರ್ಷಿಣಿಗೆ ನೋಟಿಸ್ ಕೊಟ್ಟಿತು.

“ಅಚ್ಛಾ, ಈಗಲಾದ್ರೂ ನಿಮ್ಮ ಬೆಲೆ ಗೊತ್ತಾಯ್ತಲ್ಲ ಅವರಿಗೆ,” ಎಂದು ನಾನು ಹಿಗ್ಗಿದೆ. ಇವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ಭಾನುವಾರ ಹರ್ಷಿಣಿ ಮನೆಗೆ ಬಂದಳು. ನಾನು ಕೊಟ್ಟ ಕಾಫಿ ಮುಟ್ಟದೆ ಲ್ಯಾಪ್‌ಟಾಪ್ ತೆರೆದಳು.

“ಸರ್, ಮಾಡೆಲ್ ಕೊಟ್ಟಿದ್ದ ಮೊದಲ ಪ್ರತಿ ಇದು. ಆ ಸಾಲು ಎರಡು ಪುಟದಲ್ಲಿತ್ತು. ಗೋಡೆಗೆ ಅಂಟಿಸೋ ಪುಟದ್ದನ್ನ ನೀವು ಹೊಡೆದು ಹಾಕಿದ್ದೀರಿ.”

ಪರದೆಯ ಮೇಲೆ ಕೆಂಪು ಗೀಟು ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ಇವರದೇ ಟಿಪ್ಪಣಿ: ಅನಗತ್ಯ ಪುನರಾವರ್ತನೆ.

“ಯಾರಿಗೆ ತೋರಿಸಿದ್ದೀಯಮ್ಮ?” ಇವರು ಕೇಳಿದರು.

“ಇನ್ನೂ ಯಾರಿಗೂ ಇಲ್ಲ ಸರ್. ನಾಳೆ ನಾನು ಉತ್ತರ ಕೊಡಬೇಕು. ಅಷ್ಟರಲ್ಲಿ ನೀವೇ ಹೇಳ್ತೀರೇನೋ ಅಂತ ಬಂದೆ.” ಮತ್ತೆ ಹೇಳಿದಳು: “ಚೀನೀ ಮೂಲದಲ್ಲಿ ಆ ಸಾಲು ಒಂದೇ ಸಲ ಇದೆ. ಗೋಡೆಗೆ ಅಂಟಿಸೋ ಪುಟದಲ್ಲಿ ಇನ್ನೊಮ್ಮೆ ಬರೀಬೇಕು ಅನ್ನೋದನ್ನ ಮಾಡೆಲ್ ನಿಮ್ಮ ಹಳೇ ಕೈಪಿಡಿಗಳಿಂದಲೇ ಕಲಿತದ್ದು.”

ಇವರು ಮುಖ ಮುಚ್ಚಿಕೊಂಡರು. ಆಮೇಲೆ ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡು ಮ್ಯಾನೇಜರಿಗೆ ನಾಲ್ಕು ಸಾಲು ಬರೆದರು. ‘ಸಾಲು ತೆಗೆದವನು ನಾನು, ಹುಡುಗಿಯದೂ ಮಾಡೆಲ್‌ನದೂ ತಪ್ಪಿಲ್ಲ, ಇಷ್ಟು ದಿನ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು.’

“ಹಂಸಾ, ಒಂದ್ಸಲ ಓದು. ತಿದ್ದೋದು ಏನಾದ್ರೂ ಇದೆಯಾ?” ಎಂದರು.

ಗೀಟು ಹಾಕಿ ಎಂದು ಕಲಿಸಿದವಳ ಹೆಸರು ಅದರಲ್ಲಿರಲಿಲ್ಲ. ಅದನ್ನು ಸೇರಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. “ಏನೂ ಇಲ್ಲ,” ಎಂದೆ.